ಹಗ್ಗದ ಈ ತುದಿಯ ವಿಂಚಕ್ಕ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹುಲ್ಲುಮೈದಾನದ ಕೊಟ್ಟಕೊನೆಯಲ್ಲಿ ಐವತ್ತೊಂದರ ವಯಸ್ಸಿನ ಮಹಿಳೆಯೊಬ್ಬರು ದಪ್ಪ ಕೈಗವಸು ತೊಟ್ಟು, ಉಕ್ಕಿನ ಹಗ್ಗವನ್ನು ಅಂಗೈಯಲ್ಲಿ ಸವರುತ್ತ ಹೆಜ್ಜೆ ಹಾಕುತ್ತಿದ್ದಾರೆ. ಎಲ್ಲಾದರೂ ಒಂದು ಎಳೆ ಬಿಟ್ಟುಕೊಂಡಿದ್ದರೆ ಗವಸಿಗೆ ಸಿಕ್ಕಿ ಗುಟ್ಟು ಬಿಟ್ಟುಕೊಡುತ್ತದೆ. ಹೋಗುತ್ತ ಒಂಬೈನೂರು ಮೀಟರ್, ಬರುತ್ತ ಒಂಬೈನೂರು. "ಕಣ್ಣಿಗೆ ನಿದ್ದೆ ಇರುತ್ತೆ ನೋಡಿ, ಅದನ್ನ ನಂಬಲ್ಲ ನಾನು. ಕೈನೇ ಕೇಳ್ತೀನಿ" ಎನ್ನುತ್ತಾರೆ.

ವಾಯು ಕೆಡೆಟ್ ದಳದ ಮಕ್ಕಳಿಗೆ ಇವರು ವಿಂಚಕ್ಕ. ವಾರದ ಐದು ದಿನ ಶಾಲಾ ಬಸ್ಸಿನ ಸ್ಟೇರಿಂಗ್ ಹಿಂದೆ, ಶನಿವಾರ ಭಾನುವಾರ ವಿಂಚಿನ ಸೀಟಿನಲ್ಲಿ. ವಿಂಚು ಅಂದರೆ ಹಳೇ ಲಾರಿ ಎಂಜಿನ್ನಿಗೆ ದೊಡ್ಡದೊಂದು ರಾಟೆ ಜೋಡಿಸಿದ ಯಂತ್ರ, ಅಷ್ಟೇ. ಮೈದಾನದ ಆ ತುದಿಯಲ್ಲಿ ಎಂಜಿನ್ನೇ ಇಲ್ಲದ ಗ್ಲೈಡರ್ ನಿಂತಿರುತ್ತದೆ. ಈ ತುದಿಯಲ್ಲಿ ರಾಟೆ ಹಗ್ಗವನ್ನು ಸರಸರನೆ ಸುತ್ತಿಕೊಂಡರೆ ಅದು ಗಾಳಿಪಟದ ಹಾಗೆ ಏರುತ್ತದೆ. ಮುನ್ನೂರು ಮೀಟರ್ ಎತ್ತರದಲ್ಲಿ ಹಗ್ಗ ಕಳಚಿಕೊಂಡು ಸ್ವತಂತ್ರವಾಗುತ್ತದೆ. ಚಪ್ಪಾಳೆ, ಫೋಟೊ, ಎದೆಗೆ ಚುಚ್ಚುವ ರೆಕ್ಕೆಯ ಬಿಲ್ಲೆ ಎಲ್ಲವೂ ಆ ತುದಿಯಲ್ಲಿ. ಈ ತುದಿಯಲ್ಲಿ ಹೊಗೆ, ಗ್ರೀಸು, ಇವರು.

ಬಂದ ಕಥೆಯೂ ತಮಾಷೆಯದೇ. ಹದಿನಾಲ್ಕು ವರ್ಷದ ಹಿಂದೆ ಮಗನನ್ನು ದಳಕ್ಕೆ ಸೇರಿಸಲು ಬಂದರು. ಮಗ ಮೂರು ತಿಂಗಳಿಗೆ ಕೈಕೊಟ್ಟ, ಅಮ್ಮ ಉಳಿದುಕೊಂಡರು. ಗಂಡ ಇವತ್ತಿಗೂ ರೇಗಿಸುತ್ತಾರೆ: "ಮಗನ್ನ ಬಿಟ್ಟು ಬರ್ತೀನಿ ಅಂತ ಹೋದವಳು, ಇನ್ನೂ ಬಂದಿಲ್ಲ!" ಗಾಳಿ ನೆಟ್ಟಗಿರುವ ದಿನ ಇಪ್ಪತ್ತೈದು ಸಲ ಎಳೆಯಬೇಕು. ಇದುವರೆಗೆ ಒಂಬತ್ತು ಸಾವಿರದ ಚಿಲ್ಲರೆ. ಸಂಬಳವಿಲ್ಲ. ಎಡಗಿವಿ ಸ್ವಲ್ಪ ಮಂದ, ಮಣಿಕಟ್ಟಿನ ಮೇಲೆ ಸೈಲೆನ್ಸರ್ ಸುಟ್ಟ ಗುರುತು. ಆದರೂ ವಾರ ತಪ್ಪಿಸಿದವರಲ್ಲ ಈ ಹೆಣ್ಣುಮಗಳು.

ಈ ಭಾನುವಾರ ದಳದ ಕಣ್ಣೆಲ್ಲ ಸಣಕಲು ಹುಡುಗಿಯೊಬ್ಬಳ ಮೇಲೆ. ಅಡ್ಡಹೆಸರು ಗುಬ್ಬಿ. ನಾಳೆ ಹದಿನೆಂಟು ತುಂಬುತ್ತದೆ, ಅಲ್ಲಿಗೆ ದಳದ ಬದುಕು ಮುಗಿಯಿತು. ಒಬ್ಬಳೇ ಹಾರಲು ಇವತ್ತೊಂದೇ ದಿನ ಉಳಿದಿದೆ. ಹಿಂದೆ ಎರಡು ಸಲ ಅಡ್ಡಗಾಳಿ ಅವಳ ಸರದಿ ನುಂಗಿಹಾಕಿತ್ತು.

ಇಲ್ಲೊಂದು ಕಟ್ಟುನಿಟ್ಟಿನ ನಿಯಮವಿದೆ. ಪ್ರತಿ ಹಾರಾಟಕ್ಕೂ ಮುಂಚೆ ಆ ತುದಿಯಿಂದ ವಾಕಿಟಾಕಿಯಲ್ಲಿ "ಇಬ್ಬರು" ಅಥವಾ "ಒಬ್ಬರು" ಎಂದು ಹೇಳಬೇಕು. ಒಬ್ಬರೇ ಇರುವ ಹಗುರ ಗ್ಲೈಡರನ್ನು ಇಬ್ಬರ ಜೋರಿನಲ್ಲಿ ಎಳೆದರೆ ಮೂತಿಯೆತ್ತಿ ಹುಚ್ಚಾಪಟ್ಟೆ ಏರುತ್ತದೆ, ಹಗ್ಗ ತುಂಡಾಗುತ್ತದೆ, ಹೊಸಬರ ಕೈಗೆ ಸಿಕ್ಕುವುದಿಲ್ಲ. ದೂರದಿಂದ ಒಳಗೆಷ್ಟು ಜನ ಎಂದು ವಿಂಚಕ್ಕನಿಗೆ ಕಾಣುವುದೂ ಇಲ್ಲ.

ದಳದ ಮುಖ್ಯ ತರಬೇತುದಾರರು ವಿಜ್ಞಾನದ ಮೇಷ್ಟ್ರು. ಗುಬ್ಬಿಯ ಹಿಂದಿನ ಸೀಟಿನಲ್ಲಿ ಅರವತ್ತು ಸಲ ಕೂತವರು. ಒಂಟಿ ಹಾರಾಟಕ್ಕೆ ಮೊದಲು ಜೊತೆಯಲ್ಲಿ ಮೂರು ಸುತ್ತು ಹಾರುವುದು ವಾಡಿಕೆ. ಎರಡಕ್ಕೇ ತೃಪ್ತಿಯಾಗಿ ಇವತ್ತು ಇಳಿದುಬಿಟ್ಟಿದ್ದಾರೆ. ಖಾಲಿ ಸೀಟಿನ ಬೆಲ್ಟು ಬಿಗಿದು, ಪಕ್ಕದಲ್ಲಿ ನಿಂತು, ಹುಡುಗಿಗಿಂತ ಹೆಚ್ಚು ಬೆವತು, ವಾಕಿಟಾಕಿ ಒತ್ತುತ್ತಾರೆ: "ಇಬ್ಬರು." ನಿಂತಿರುವುದು ನೆಲದ ಮೇಲೆ, ಲೆಕ್ಕದಲ್ಲಿ ಮಾತ್ರ ಇನ್ನೂ ಒಳಗೇ ಕೂತಿದ್ದಾರೆ ಪುಣ್ಯಾತ್ಮ!

ಮೂರನೇ ಸುತ್ತು ಎಂದುಕೊಂಡು ವಿಂಚಕ್ಕ ಇಬ್ಬರ ಜೋರಿಗೆ ಲಿವರ್ ತಳ್ಳುತ್ತಾರೆ. ಎರಡೇ ಸೆಕೆಂಡು. ಹಗ್ಗ ಬೇಕಾದ್ದಕ್ಕಿಂತ ಸಲೀಸಾಗಿ ಬರುತ್ತಿದೆ. ಎಂಜಿನ್ನಿಗೆ ಎಂದಿನ ಮುಲುಕಾಟವೇ ಇಲ್ಲ.

"ಅಯ್ಯೋ, ಕೂಸು ಒಬ್ಬಳೇ ಇದಾಳೆ!"

ಗ್ಲೈಡರ್ ಆಗಲೇ ನೆಲ ಬಿಟ್ಟಿದೆ. ಗಕ್ಕನೆ ನಿಲ್ಲಿಸಿದರೆ ಮೂತಿಯೆತ್ತಿದ ವಿಮಾನ ವೇಗ ಕಳೆದುಕೊಂಡು ಬೀಳುತ್ತದೆ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕಾಗಿ ಲಿವರನ್ನು ಹಿಂದಕ್ಕೆ ತರುತ್ತಾರೆ. ಮೂತಿ ತಗ್ಗುತ್ತದೆ, ಏರಿಕೆ ಹದಕ್ಕೆ ಬರುತ್ತದೆ, ಮೇಲೆ ಹಗ್ಗ ಕಳಚಿಕೊಳ್ಳುತ್ತದೆ. ಗುಬ್ಬಿ ಮೈದಾನಕ್ಕೊಂದು ಸುತ್ತು ಹಾಕಿ ಚೆಂದವಾಗಿ ಇಳಿಯುತ್ತಾಳೆ. ಅಲ್ಲಿ ಚಪ್ಪಾಳೆಯೋ ಚಪ್ಪಾಳೆ. ಇಲ್ಲಿ ವಿಂಚಕ್ಕ ಎಂಜಿನ್ ಆರಿಸುತ್ತಾರೆ.

ಸ್ವಲ್ಪ ಹೊತ್ತಿಗೆ ಮೇಷ್ಟ್ರು ಅಷ್ಟು ದೂರವನ್ನೂ ಓಡಿಕೊಂಡೇ ಬರುತ್ತಾರೆ.

"ನನ್ನ ಬಾಯಿಗಿಷ್ಟು ಮಣ್ಣು ಹಾಕ. ಏನಂದ್ಬಿಟ್ಟೆ ನಾನು!"

"ಮೊದ್ಲು ನೀರು ಕುಡೀರಿ ಮೇಷ್ಟ್ರೇ. ಆಮೇಲೆ ದಾಖಲೆ ಪುಸ್ತಕದಲ್ಲಿ ಬರೀರಿ."

"ಮಕ್ಕಳೆಲ್ಲ ಓದ್ತಾರಲ್ಲಮ್ಮಾ ಅದನ್ನ..."

"ಓದ್ಲಿ. ಮುಚ್ಚಿಟ್ರೆ ನಾಳೆ ಇನ್ನೊಬ್ರು ಹೀಗೇ ಮರೀತಾರೆ. ಇನ್ಮೇಲೆ ಎಷ್ಟು ಜನ ಅಂತ ಒಳಗೆ ಕೂತಿರೋ ಮಕ್ಕಳೇ ಹೇಳ್ಲಿ, ನೀವು ಬೇಡ."

ಮೇಷ್ಟ್ರು ದಾಖಲೆ ಪುಸ್ತಕ ತರಿಸಿಕೊಂಡು, ಎಂಜಿನ್ ಮುಚ್ಚಳದ ಮೇಲೇ ಇಟ್ಟು, ತಮ್ಮ ತಪ್ಪನ್ನು ತಾವೇ ಬರೆದು ಸಹಿ ಹಾಕುತ್ತಾರೆ. ದೊಡ್ಡ ಮನಸ್ಸು ಬೇಕು ಅದಕ್ಕೂ.

ಅಷ್ಟರಲ್ಲಿ ಎದೆಯ ಮೇಲೆ ಹೊಸ ಬಿಲ್ಲೆ ಹೊಳೆಯಿಸುತ್ತ ಗುಬ್ಬಿಯೂ ಬಂದು ನಿಲ್ಲುತ್ತಾಳೆ. ಪುಸ್ತಕದ ಸಾಲನ್ನು ಎರಡೆರಡು ಸಲ ಓದುತ್ತಾಳೆ.

"ಅಕ್ಕಾ, ಇಷ್ಟು ದೂರದಿಂದ ನಾನು ಕಾಣೋದೇ ಇಲ್ಲ. ನಾನೊಬ್ಬಳೇ ಅಂತ ಹೇಗೆ ಗೊತ್ತಾಯ್ತು?"

ವಿಂಚಕ್ಕ ಕೈಗವಸು ಕಳಚಿ, ಹುಡುಗಿಯ ಕೆನ್ನೆ ತಟ್ಟುತ್ತಾರೆ.

"ಎರಡು ವರ್ಷದಿಂದ ನಿನ್ನ ಎತ್ತಿರೋಳು ಕಣೇ ನಾನು. ನಿನ್ನ ಭಾರ ಎಷ್ಟು ಅಂತ ನಂಗೆ ಗೊತ್ತಿರಲ್ವಾ?"