ಜೋಡಿ ಕೂಡಿಸುವ ಚಟ

ಸಂಜೆ ಮನೆಗೆ ಹೋಗಿ ಏನು ಮಾಡುತ್ತೀರಿ ಎಂದು ಆಫೀಸಿನಲ್ಲಿ ಯಾರಾದರೂ ಕೇಳಿದರೆ ನಾನು "ಓದುತ್ತೇನೆ" ಎಂದುಬಿಡುತ್ತೇನೆ. ಅದು ಸುಳ್ಳು. ಪುಣೆಯ ಯೆರವಡಾದಲ್ಲಿರುವ ಆಫೀಸಿನಿಂದ ಎರಡು ಬಸ್ಸು ಬದಲಿಸಿ, ನಿಂತುಕೊಂಡೇ ಕಾತ್ರಜ ಮುಟ್ಟಿ, ಕೈಕಾಲು ತೊಳೆದು ನಾನು ಕೂರುವುದು ಯಾರದಾದರೂ ಜೋಡಿ ಕೂಡಿಸಲು. ಗಾಬರಿ ಬೇಡ, ವಧೂವರರು ವಿಡಿಯೊ ಗೇಮಿನವರು. ನಾವೇ ಒಂದು ಪಾತ್ರವಾಗಿ, ನಾಲ್ಕೈದು ಸಂಗಡಿಗರನ್ನು ಕಟ್ಟಿಕೊಂಡು, ಊರೂರು ಅಲೆದು ಲೋಕ ಉಳಿಸುವ ದೊಡ್ಡ ದೊಡ್ಡ ಆಟಗಳಿವೆಯಲ್ಲ, ಅಂಥವು. ಲೋಕ ಉಳಿಸುವುದರಲ್ಲಿ ನನಗೆ ಅಂಥ ಆಸಕ್ತಿಯಿಲ್ಲ. ನನ್ನ ಕಣ್ಣೆಲ್ಲ ಸಂಗಡಿಗರ ಮೇಲೆ, ಯಾರಿಗೆ ಯಾರು ಒಪ್ಪುತ್ತಾರೆ ಅನ್ನುವುದರ ಮೇಲೆ. ನಲವತ್ತು ದಾಟಿದವಳು ಹೇಳಿಕೊಳ್ಳುವ ಮಾತಲ್ಲ ಇದು, ಆದರೆ ದಣಿದವರಿಗೆ ನಾಚಿಕೆ ಸ್ವಲ್ಪ ಕಡಿಮೆ.

ಚಟ ಹಳೆಯದು. ಧಾರವಾಡದಿಂದ ಪುಣೆಗೆ ಬಂದು ನಮ್ಮೊಡನೆ ಇದ್ದ ಅಜ್ಜಿ ಕತೆ ಹೇಳುತ್ತಿದ್ದಳು. ಕತೆ ಯಾವುದೇ ಇರಲಿ, ಅದರಲ್ಲಿ ಒಬ್ಬ ರಾಜಕುಮಾರ, ಅವನ ಜೊತೆಗೊಬ್ಬ ಮಂತ್ರಿಯ ಮಗ. ರಾಕ್ಷಸನ ಪ್ರಾಣ ಎಲ್ಲಿದೆ ಎಂದು ಪತ್ತೆ ಹಚ್ಚುವವನು ಮಂತ್ರಿಯ ಮಗ, ಏಳು ಸಮುದ್ರ ದಾಟಲು ಉಪಾಯ ಹುಡುಕುವವನೂ ಅವನೇ. ರಾಜಕುಮಾರ ಬಹುಮಟ್ಟಿಗೆ ನಿದ್ದೆ ಮಾಡುತ್ತಾನೆ. ಕೊನೆಗೆ ರಾಜಕುಮಾರಿ ಮಾತ್ರ ಅವನ ಪಾಲು. ನನಗೆ ಮೈಯುರಿಯುತ್ತಿತ್ತು. ಆಕೆಯನ್ನು ಮಂತ್ರಿಯ ಮಗನಿಗೆ ಕೊಡು ಎಂದು ನಾನು ಹಟ ಹಿಡಿದರೆ ಅಜ್ಜಿ, "ಹಂಗ ಕೊಡ್ಲಿಕ್ಕೆ ಬರೂದಿಲ್ಲ ಬಾಳಾ, ಕತಿ ಕೆಡ್ತದ" ಎನ್ನುತ್ತಿದ್ದಳು. ಕೆಟ್ಟರೆ ಕೆಡಲಿ ಎಂದು ನಾನು ಹಾಸಿಗೆಯಲ್ಲಿ ಮಲಗಿ ಮನಸ್ಸಿನಲ್ಲೇ ಅವರಿಬ್ಬರ ಅಕ್ಷತೆ ಮುಗಿಸುತ್ತಿದ್ದೆ. ಮುಂದೆ ಮರಾಠಿ ಧಾರಾವಾಹಿಗಳಲ್ಲಿ ಎಷ್ಟೋ ಸೊಸೆಯಂದಿರಿಗೆ ನಾನೇ ಬೇರೆ ಗಂಡು ಗೊತ್ತುಮಾಡಿದ್ದುಂಟು. ಧಾರಾವಾಹಿಯವರು ಕೇಳಲಿಲ್ಲ, ಅವರ ಹಣೆಬರಹ.

ಕೊನೆಗೂ ನನ್ನ ಮಾತು ಕೇಳಿದ್ದು ಗೇಮುಗಳು. ಅವುಗಳಲ್ಲಿ ಪ್ರೀತಿಗೆ ಅಳತೆಯುಂಟು. ಮೆಚ್ಚುವ ಮಾತಾಡಿದರೆ, ಒಪ್ಪುವ ಕಾಣಿಕೆ ಕೊಟ್ಟರೆ ಒಂದೊಂದೇ ಹೃದಯದ ಚಿತ್ರ ತುಂಬುತ್ತದೆ. ಜಾತಕ ಹರವಿಕೊಂಡು ಇಷ್ಟು ಗುಣ ಕೂಡಿ ಬಂದವು ಎಂದು ಎಣಿಸುವ ನಮ್ಮ ಜೋಯಿಸರನ್ನೂ ಈ ಗೇಮು ಮಾಡುವವರನ್ನೂ ಎದುರುಬದುರು ಕೂರಿಸಿದರೆ ಅವರಿಗೆ ಮಾತಿಗೆ ಕೊರತೆಯಾಗಲಾರದು. ಪ್ರೀತಿಯನ್ನು ಎಣಿಸಬಹುದು ಎಂಬ ನಂಬಿಕೆ ಇಬ್ಬರದೂ ಒಂದೇ.

ನನ್ನ ಮೊದಲ ಗೇಮಿನಲ್ಲಿ ಆದದ್ದು ಕೇಳಿ. ಮನೆಗೆ ಬಂದ ಹೆಣ್ಣುಮಕ್ಕಳು ಕುಂಕುಮ ಹಚ್ಚಿಸಿಕೊಳ್ಳದೆ, ಬರಿಗೈಯಲ್ಲಿ ಹೊಸಿಲು ದಾಟಬಾರದು, ಒಬ್ಬಳಿಗೆ ಕುಪ್ಪಸದ ಬಟ್ಟೆ ಕೊಟ್ಟರೆ ಕೂತ ಎಲ್ಲರಿಗೂ ಕೊಡಬೇಕು ಅನ್ನುವುದು ನಮ್ಮ ಮನೆಯ ಪದ್ಧತಿ. ಗೇಮಿನಲ್ಲಿ ಒಬ್ಬನಿಗೆ ಕೊಳಲು ಕೊಂಡೆ. ಉಳಿದವರ ಮುಖ ನೋಡಿ ಕೆಡುಕೆನಿಸಿ ಅವರಿಗೂ ಒಂದೊಂದು ಕೊಂಡೆ. ನಾನು ಮಾಡಿದ್ದು ಮರ್ಯಾದೆ, ಗೇಮಿಗೆ ಅದು ಪ್ರಣಯ. ಬಿಡಾರದಲ್ಲಿ ಬೆಂಕಿ ಹಾಕಿಕೊಂಡು ಕೂತಾಗ ಒಬ್ಬರ ಹಿಂದೊಬ್ಬರು ಬಂದು ನೀನಿಲ್ಲದೆ ಬದುಕಲಾರೆ ಎಂದರು. ಅವರಲ್ಲಿ ಒಬ್ಬನಿಗೆ ಕೊಂಬುಗಳೂ ಇದ್ದವು. ಇಲ್ಲ ಎನ್ನುವುದು ನಮ್ಮವರಿಗೆ ಬರುವುದಿಲ್ಲವಲ್ಲ. ಎಲ್ಲರಿಗೂ ನೋಡೋಣ ಎನ್ನುವ ಉತ್ತರವನ್ನೇ ಆರಿಸಿದೆ. ಬೆಳಗಾಗುವುದರೊಳಗೆ ಬಿಡಾರದಲ್ಲಿ ಹೊಡೆದಾಟವಾಗಿ, ಒಳ್ಳೆಯ ವೈದ್ಯನೊಬ್ಬ ಸಿಟ್ಟಾಗಿ ಹೊರಟೇ ಹೋದ. ಅಂದಿನಿಂದ ನಾನು ನನ್ನ ಪಾತ್ರವನ್ನು ಪ್ರೇಮದಿಂದ ದೂರವಿಟ್ಟು, ಸಂಗಡಿಗರನ್ನು ತಮ್ಮತಮ್ಮೊಳಗೇ ಜೋಡಿಸುವುದನ್ನು ಹಿಡಿದೆ.

ನನ್ನದೇ ಜೋಡಿಯ ಮಾತು ಬೇರೆ. ಅದನ್ನು ಯಾರೂ ಕೂಡಿಸಿದ್ದಲ್ಲ. ನನ್ನ ಗಂಡ ಉಡುಪಿ ಕಡೆಯವರು. ಪುಣೆಯ ಕ್ಯಾಂಪ್ ಪೇಟೆಯಲ್ಲಿ ಅವರ ತಂದೆಯ ಕಾಲದ ಹೋಟೆಲ್ಲಿದೆ. ಕಾಲೇಜಿನಲ್ಲಿದ್ದಾಗ ನಾನು ಅಲ್ಲಿಗೆ ಬನ್ಸ್ ತಿನ್ನಲು ಹೋಗುತ್ತಿದ್ದೆ. ಅವರು ಗಲ್ಲಾಪೆಟ್ಟಿಗೆಯ ಹಿಂದೆ ಕೂತು ನನ್ನ ಧಾರವಾಡದ ಮಾತಿಗೆ ನಗುತ್ತಿದ್ದರು. ಆಗ ನಮಗೆ ಎಷ್ಟು ಮಾತಾಡಿದರೂ ಸಾಲುತ್ತಿರಲಿಲ್ಲ. ಈಗ ಅವರು ಕತ್ತಲಿರುವಾಗಲೇ ಹೊರಡುತ್ತಾರೆ, ಬರುವಷ್ಟರಲ್ಲಿ ನಾನು ತೂಕಡಿಸುತ್ತಿರುತ್ತೇನೆ. ಗ್ಯಾಸ್ ಬುಕ್ ಆಯಿತೇ, ನೀರು ಬಂತೇ, ಬಾಗಿಲು ಹಾಕಿದೆಯಾ, ಇಷ್ಟರಲ್ಲಿ ದಿನ ಮುಗಿಯುತ್ತದೆ. ಜಗಳವಿಲ್ಲ. ಜಗಳಕ್ಕೂ ಒಂದಿಷ್ಟು ತ್ರಾಣ ಬೇಕು. ಆದರೆ ಇತ್ತೀಚೆಗೆ ನನಗೆ ಹೆದರಿಕೆಯಾಗತೊಡಗಿತ್ತು. ನಮ್ಮಿಬ್ಬರಲ್ಲಿ ಮಾತಾಡುವುದೇ ಮುಗಿದುಹೋಯಿತೇನೋ ಅನಿಸುತ್ತಿತ್ತು. ಹಾಗನಿಸಿದಾಗಲೆಲ್ಲ ನಾನು ಗೇಮು ಹಚ್ಚಿಕೊಂಡು ಕೂರುತ್ತಿದ್ದೆ.

ಕಳೆದ ಭಾನುವಾರ ಹೋಟೆಲಿನ ಅಡಿಗೆಮನೆಗೆ ಸುಣ್ಣ ಹೊಡೆಯುತ್ತಿದ್ದರು, ಹಾಗಾಗಿ ಅವರು ಮಧ್ಯಾಹ್ನ ಮನೆಯಲ್ಲಿದ್ದರು. ಚಹಾ ಮಾಡಿ ತಂದು ನನ್ನ ಪಕ್ಕದಲ್ಲೇ ಕೂತು ಪರದೆ ನೋಡಿದರು.

"ಇವರಿಬ್ಬರು ಯಾರು?"

"ಬಿಲ್ಲು ಹಿಡಿದಾಕಿ ಭಾಳ ಸಿಟ್ಟಿನಾಕಿ. ಆ ದಪ್ಪನಂವ ಸೈನಿಕ, ಅಡಿಗಿನೂ ಮಾಡ್ತಾನ. ಇಬ್ಬರನ್ನೂ ಕೂಡಸ್ಬೇಕಂತ ನೋಡ್ಲಿಕ್ಕತ್ತೀನ್ರಿ."

"ಆಗ್ಲಿಲ್ವಾ?"

"ದಾರಿ ನಡ್ಕೋತ ಹೋದ್ರಷ್ಟ ಒಬ್ಬರಿಗೊಬ್ಬರು ಮಾತಾಡ್ತಾರಂತ. ನಾ ನಕಾಶೆದಾಗ ಒತ್ತಿ ಒಮ್ಮೆಲೆ ಬೇಕಾದ ಊರಿಗೆ ಹೋಗಿಬಿಡ್ತೀನಿ. ನಡಸ್ಲಿಕ್ಕೆ ಬ್ಯಾಸರ."

"ನಡೆಸು ಮಾರಾಯ್ತಿ. ನಮಗೆ ಇವತ್ತು ಬೇರೆ ಎಂತ ಕೆಲಸ ಉಂಟು?"

ನಡೆಸಿದೆ. ಗುಡ್ಡ, ಹೊಳೆ, ಪಾಳುಬಿದ್ದ ಕೋಟೆ. ಆ ಇಬ್ಬರೂ ಬಾಯಿ ಹೊಲಿದುಕೊಂಡವರ ಹಾಗೆ ನನ್ನ ಹಿಂದೆ ಬರುತ್ತಿದ್ದರು. ನನ್ನ ಗಂಡನಿಗೆ ಸೈನಿಕನ ಅಡಿಗೆಯ ಮೇಲೆ ಅನುಮಾನ ಬಂತು. "ಇವನು ಕತ್ತಿ ಹಿಡಿಯುವ ಕ್ರಮ ನೋಡು. ಒಂದು ನೀರುಳ್ಳಿ ಹೆಚ್ಚಲಿಕ್ಕೂ ಆಗ್ಲಿಕ್ಕಿಲ್ಲ ಇವನಿಗೆ" ಎಂದರು. ಆಮೇಲೆ ಸುಮ್ಮನೆ ಹೇಳುವವರ ಹಾಗೆ, ಹೋಟೆಲಿನ ದೋಸೆಯ ಭಟ್ಟರು ಊರಿಗೆ ಹೋದವರು ತಿರುಗಿ ಬಂದೇ ಇಲ್ಲ, ಕಾವಲಿಯ ಮುಂದೆ ತಾನೇ ನಿಲ್ಲುತ್ತಿದ್ದೇನೆ, ಬಲಗೈ ಭುಜದಿಂದ ಮೇಲೆ ಏಳುವುದಿಲ್ಲ ಎಂದರು.

"ನನಗ್ಯಾಕ ಹೇಳಲಿಲ್ರೀ?"

"ರಾತ್ರಿ ನಾನು ಬರುವಾಗ ನಿನ್ನ ಮುಖ ನೋಡಿದ್ರೆ ಹೇಳ್ಲಿಕ್ಕೆ ಮನಸ್ಸೇ ಬರುವುದಿಲ್ಲ."

ಆಫೀಸಿನಲ್ಲಿ ನನ್ನ ಮೇಜನ್ನು ಮೂಲೆಗೆ ಸರಿಸಿ, ನಾನು ಕೆಲಸ ಕಲಿಸಿದ ಹುಡುಗಿಯನ್ನೇ ನನ್ನ ಮೇಲಧಿಕಾರಿಯಾಗಿ ಕೂರಿಸಿದ್ದನ್ನು ನಾನೂ ಅವರಿಗೆ ಹೇಳಿರಲಿಲ್ಲ, ಅದೇ ಕಾರಣಕ್ಕೆ. ಈಗ ಹೇಳಿದೆ. ಅವರು ಆ ಹುಡುಗಿಗೆ ತುಳುವಿನಲ್ಲಿ ಏನೋ ಬೈದರು. ನಾನು ಒಂದು ಕೈಯಿಂದ ಪಾತ್ರವನ್ನು ನಡೆಸುತ್ತ ಇನ್ನೊಂದರಿಂದ ಅವರ ಭುಜ ತಿಕ್ಕಿದೆ. ಇಲ್ಲಿ ನೋಯುತ್ತದೆಯೇ ಎಂದರೆ ಅಲ್ಲವಂತೆ, ಸ್ವಲ್ಪ ಕೆಳಗಂತೆ. ಭಟ್ಟರ ಬದಲಿಗೆ ಯಾರನ್ನು ಕರೆಸುವುದು, ನಾನು ಬೇರೆ ಕೆಲಸ ನೋಡಲೋ ಬೇಡವೋ, ಎಲ್ಲ ಬಂತು. ಯಾವುದಕ್ಕೂ ಪರಿಹಾರ ಸಿಗಲಿಲ್ಲ. ಚಹಾ ಆರಿ ಕೆನೆ ಕಟ್ಟಿತು.

ಪರದೆಯ ಕಡೆ ತಿರುಗಿದಾಗ ಮೂಲೆಯಲ್ಲಿ ಅಕ್ಷರ ಮೂಡಿತ್ತು: ಬಿಲ್ಲುಗಾರ್ತಿಗೂ ಸೈನಿಕನಿಗೂ ಸ್ನೇಹ ಬೆಳೆಯಿತು. ನಾನು ಇಷ್ಟು ದಿನ ಕಾದ ಮಾತುಕತೆ ಬಂದು ಹೋಗಿಯೇಬಿಟ್ಟಿತ್ತು. ಹಿಂದೆ ಹೋಗಿ ಅದೇ ದಾರಿಯನ್ನು ಮತ್ತೆ ನಡೆದರೆ ಇನ್ನೊಮ್ಮೆ ಕೇಳಿಸಿಕೊಳ್ಳಬಹುದು, ಗೇಮಿನಲ್ಲಿ ಆ ಅನುಕೂಲವುಂಟು. ಬೇಡವೆನಿಸಿತು.

"ಎಂತ ಹೇಳಿಕೊಂಡ್ರಂತೆ?" ಎಂದು ಕೇಳಿದರು ಇವರು.

"ಕೇಳಸ್ಲಿಲ್ರೀ" ಎಂದೆ. "ನಾವು ಮಾತಾಡ್ಲಿಕ್ಕತ್ತಿದ್ವಿ."