ಉದಗೀರದ ಕೋಟೆ, ವಲಾಂಡಿಯ ಚಿಗರಿ

ನಿಜಾಮನ ಆಳ್ವಿಕೆ ಕೊನೆಗೊಳಿಸಿದ ಪೊಲೀಸ್ ಆ್ಯಕ್ಷನ್ ಮುಗಿದು ಮೂರು ನಾಲ್ಕು ವರ್ಷಗಳಾಗಿದ್ದವು. ನಾನು ಆಗ ನಿಲಂಗಾದ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸುತ್ತಿದ್ದೆ. ನನ್ನ ತವರು ಉಮರ್ಗಾ ಹತ್ತಿರದ ತುರೋರಿ. ಮನೆಯಲ್ಲಿ ಆಡುವುದು ಕನ್ನಡ, ನಾನು ಕಲಿತದ್ದು ಉರ್ದು, ಕಲಿಸಬೇಕಾಗಿ ಬಂದದ್ದು ಮರಾಠಿ. ಮದುವೆಯಾದ ಎರಡನೆಯ ವರ್ಷಕ್ಕೇ ಗಂಡ ತೀರಿಕೊಂಡಾಗ ಅಪ್ಪ ಯಾರ ಮಾತಿಗೂ ಕಿವಿಗೊಡದೆ ನನ್ನ ಕೈಗೆ ಮತ್ತೆ ಪುಸ್ತಕ ಕೊಟ್ಟಿದ್ದರು. ಆ ನೌಕರಿ ಸಿಕ್ಕಿದ್ದು ಅದರಿಂದಲೇ.

ಶಾಲೆಯಲ್ಲಿ ನಾವು ಮೂವರು. ಮುಖ್ಯ ಉಪಾಧ್ಯಾಯಿನಿ ಪುಣೆಯ ಕಡೆಯವರು, ನಲವತ್ತು ದಾಟಿದವರು, ಮದುವೆಯಾಗದವರು, ಸದಾ ಬಿಳಿ ಖಾದಿ ಸೀರೆ. ಎಲ್ಲರೂ ಅವರನ್ನು ಮರಾಠಿಯಲ್ಲಿ 'ಮೋಠೀ ಬಾಯಿ', ಅಂದರೆ ದೊಡ್ಡಮ್ಮನವರು, ಎನ್ನುತ್ತಿದ್ದರು. ನಾನು ಒಮ್ಮೆ ಊರಿಗೆ ಹೋದಾಗ ಅದನ್ನು ಕನ್ನಡ ಮಾಡಿ 'ದೊಡ್ಡ ಬಾಯಿ' ಎಂದದ್ದಕ್ಕೆ ಅವ್ವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದಳು. ನಿಜವಾಗಿ ಅವರದು ಮಿತವಾದ ಮಾತು. ಮೂರನೆಯವರು ಉರ್ದು ಕಲಿಸುವವರು, ಎಲ್ಲರಿಗೂ 'ಆಪಾ', ಅಂದರೆ ಅಕ್ಕ. ವಯಸ್ಸು ಐವತ್ತರ ಮೇಲೆ, ಹುಟ್ಟಿದ್ದು ಬೀದರಿನಲ್ಲಿ, ಹಾಗಾಗಿ ನನ್ನ ಜೊತೆ ಕನ್ನಡದಲ್ಲೇ ಮಾತು. ಹಿಂದೆ ಇಡೀ ಶಾಲೆ ಅವರ ಕೈಯಲ್ಲಿತ್ತಂತೆ. ನಾನು ಸೇರುವ ಹೊತ್ತಿಗೆ ಶಾಲೆ ಮರಾಠಿಗೆ ತಿರುಗಿತ್ತು. ಹಿಂದಿನ ಕೋಣೆಯಲ್ಲಿ ಕೆಲವೇ ಹುಡುಗಿಯರನ್ನು ಮುಂದೆ ಕೂರಿಸಿಕೊಂಡು ಆಪಾ ಮೊದಲಿನಷ್ಟೇ ಗತ್ತಿನಿಂದ ಪಾಠ ಮಾಡುತ್ತಿದ್ದರು.

ಒಂದು ದಿನ ಮೋಠೀ ಬಾಯಿ ಭೂಗೋಳದ ತರಗತಿಯಲ್ಲಿ ಪ್ರಾಣಿಗಳ ಚಿತ್ರಪಟ ತೂಗುಹಾಕಿದ್ದರು. ಸಿಂಹ, ಜಿರಾಫೆ, ಕಾಂಗರೂ. ಒಬ್ಬ ಹುಡುಗಿ ಎದ್ದು ನಿಂತು, "ನಮ್ಮ ಜ್ವಾಳ ತಿನ್ನಾಕ ಬರೂ ಚಿಗರಿ ಇದರಾಗ ಯಾಕಿಲ್ಲರಿ?" ಎಂದು ಕೇಳಿದಳು. ಬಾಯಿಯವರಿಗೆ ಮಾತು ತಿಳಿಯಲಿಲ್ಲ. ಪಕ್ಕದ ಕೋಣೆಯಲ್ಲಿದ್ದ ನಾನು ಹೋಗಿ ಮರಾಠಿಯಲ್ಲಿ ಹೇಳಿದೆ. ಸುರುಳಿ ಕೊಂಬಿನ ಕರಿಯ ಜಿಂಕೆ, ನೀವು ಕಾಳವೀಟ ಅನ್ನುತ್ತೀರಲ್ಲ, ಅದು.

"ಇಲ್ಲಿ ಇದೆಯೇ?" ಎಂದರು.

"ವಲಾಂಡಿಯ ಹುಲ್ಲಿನ ಮಾಳದಲ್ಲಿ ಹಿಂಡು ಹಿಂಡು ಇವೆ. ಅಲ್ಲಿ ನನ್ನ ಸೋದರಮಾವ ಇದ್ದಾರೆ."

"ನೀನು ಹತ್ತಿರದಿಂದ ನೋಡಿದ್ದೀಯಾ?"

ಇಲ್ಲ ಎಂದೆ. ದೂರದಲ್ಲಿ ಏಳುವ ಧೂಳು ಮಾತ್ರ ನೋಡಿದ್ದೆ.

"ಉದಗೀರದ ಕೋಟೆಯನ್ನಾದರೂ?"

ಅದನ್ನೂ ನೋಡಿರಲಿಲ್ಲ. ಆಪಾ ಕೂಡ ನೋಡಿರಲಿಲ್ಲ. ಹೆಣ್ಣುಮಕ್ಕಳು ಕೋಟೆ ನೋಡಲು ಹೋಗುವುದು ಎಂದರೇನೆಂದು ನಮಗೆ ಯಾರಿಗೂ ಹೊಳೆದೇ ಇರಲಿಲ್ಲ. ಬಾಯಿಯವರು ಪುಣೆಯಲ್ಲಿ ಚಿಕ್ಕವರಿದ್ದಾಗಲೇ ಮರಾಠರು ನಿಜಾಮನನ್ನು ಸೋಲಿಸಿದ ಉದಗೀರದ ಯುದ್ಧವನ್ನು ಬಾಯಿಪಾಠ ಮಾಡಿದ್ದರು. ನಾವು ಒಂದು ಬಸ್ಸಿನ ದೂರದಲ್ಲಿದ್ದೂ ಕೋಟೆ ಕಂಡಿಲ್ಲವೆಂದು ಕೇಳಿ ಮೇಜಿನ ಖಾನೆ ಎಳೆದರು. ಒಂದು ಕಾಗದ ತೆಗೆದು ಬರೆದರು: ಮೊದಲ ದಿನ ಕೋಟೆ, ಎರಡನೆಯ ದಿನ ವನ್ಯಪ್ರಾಣಿ. ಮೇಲೆ 'ಸಹಲ್' ಎಂದು ಬರೆದು ಅಡಿಗೆರೆ ಎಳೆದರು. ಮರಾಠಿಯಲ್ಲಿ ಸಹಲ್ ಎಂದರೆ ವಿಹಾರ. ಅದಕ್ಕೆ ಮೊದಲು ನಾನು ಮದುವೆಗೆ, ಮಣ್ಣಿಗೆ, ಗುಡಿಗೆ ಪ್ರಯಾಣ ಮಾಡಿದ್ದೆ. ನೋಡುವುದಕ್ಕಾಗಿಯೇ ಎಲ್ಲಿಗೂ ಹೋಗಿರಲಿಲ್ಲ.

ಮಾವನಿಗೆ ಪತ್ರ ಹಾಕಿದೆ. ಉತ್ತರ ಬಸ್ಸಿನ ಕಂಡಕ್ಟರನ ಬಾಯಲ್ಲಿ ಬಂತು: "ಎಳ್ಳಮಾಸಿ ಮುಗದ ಮ್ಯಾಲ ಬರ್ರಿ ಅಂದಾರ. ಬಿಳಿ ಸೀರಿ ಉಟಗೊಂಡು ಬರಬ್ಯಾಡ್ರಿ ಅಂತನೂ ಹೇಳ್ಯಾರ."

ಎಳ್ಳಮಾವಾಸ್ಯೆ ಆಗಷ್ಟೇ ಮುಗಿದು, ಜೋಳ ಎದೆಯೆತ್ತರ ಬೆಳೆದು ತೆನೆ ಹಿಡಿದಿದ್ದ ಕಾಲ. ಬೆಳಗಿನ ಸರಕಾರಿ ಬಸ್ಸು ಹಿಡಿದು ಉದಗೀರದಲ್ಲಿ ಇಳಿದೆವು. ದೂರದಿಂದ ಆ ಕೋಟೆ ಅಷ್ಟೇನೂ ಎತ್ತರ ಕಾಣುವುದಿಲ್ಲ, ಯಾಕೆಂದರೆ ಅದು ನೆಲಕೋಟೆ. ಕಂದಕದ ಅಂಚಿಗೆ ಬಂದು ಕೆಳಗೆ ನೋಡಿದಾಗ ನನ್ನ ಕಾಲು ತಾನಾಗಿ ಹಿಂದೆ ಸರಿಯಿತು. ಅಷ್ಟು ಆಳವನ್ನು ತೋಡಿ ಎರಡೂ ಬದಿಗೆ ಕಲ್ಲು ಕಟ್ಟಿದ್ದರು. ಒಂದು ಕಲ್ಲಿನ ಮೇಲೆ ಒಂದು ಕಲ್ಲು ಕೂತ ರೀತಿ ನೋಡಿದರೆ ಕಟ್ಟಿದವರು ನಿನ್ನೆ ಕೈ ತೊಳೆದುಕೊಂಡು ಮನೆಗೆ ಹೋದಂತಿತ್ತು.

ಬಾಗಿಲಲ್ಲಿ ಒಬ್ಬ ಮುದುಕ ಕಾವಲುಗಾರನಿದ್ದ. ಬಂದವರಿಗೆ ಕೋಟೆ ತೋರಿಸುವುದೂ ಅವನದೇ ಕೆಲಸ. ಮೂವರು ಹೆಂಗಸರು ಗಂಡಸರಿಲ್ಲದೆ ಬಂದದ್ದು ಕಂಡು ನಮ್ಮ ಬೆನ್ನ ಹಿಂದೆ ಯಾರಾದರೂ ಬರುತ್ತಿದ್ದಾರೋ ಎಂದು ಎರಡು ಸಲ ನೋಡಿದ. ಆಮೇಲೆ ಕೋಲು ಹಿಡಿದು ಮುಂದೆ ನಡೆದ. ಅವನ ಹತ್ತಿರ ಕಥೆಗಳು ಬೇಕಾದಷ್ಟಿದ್ದವು. ಈ ಬಾವಿಯಲ್ಲಿ ಚಿನ್ನ, ಆ ಗೋಡೆಯಲ್ಲಿ ಬೀದರಿನವರೆಗೆ ಸುರಂಗ. ಒಂದು ಮಹಲಿನ ಕಮಾನಿನ ಕೆಳಗೆ ನಿಂತು ಮೇಲಿನ ಬರಹವನ್ನು ಕೋಲಿನಿಂದ ತೋರಿಸಿ, "ಇಲ್ಲಿ ಖಜಾನಿ ಗುಟ್ಟು ಬರದಾರ. ಓದಾವ್ರು ಇನ್ನ ಹುಟ್ಟಿಲ್ಲ," ಎಂದ.

ಆಪಾ ಬುರ್ಖಾದ ಮುಸುಕನ್ನು ಹಿಂದಕ್ಕೆ ಹಾಕಿದರು. ಚೀಲದಿಂದ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು. ತುಟಿ ಅಲುಗಿಸುತ್ತ ಬಲದಿಂದ ಎಡಕ್ಕೆ ಓದಿದರು, ಮತ್ತೆ ಓದಿದರು.

"ಖಜಾನಿ ಅಲ್ಲಪ್ಪ," ಎಂದರು ಮೆಲ್ಲಗೆ. "ಇದು ಫಾರ್ಸಿ. ಮೊದಲ ದೇವರ ಹೆಸರು ಅದ. ಆಮ್ಯಾಲ ಯಾರು ಕಟ್ಟಿಸಿದ್ರು, ಯಾವಾಗ ಮುಗೀತು ಅಂತದ. ಈ ಮಹಲಿನ ಗಾಳಿ ಛಲೋ ಅದ ಅಂತ ಹೊಗಳ್ಯಾರ."

"ಮತ್ತ ಅಲ್ಲಿ, ಕಡೀಕ?" ಎಂದ ಮುದುಕ.

"ಅಲ್ಲಿ ಕಲ್ಲು ಒಡದದ. ಒಡದದ್ದನ್ನ ನಾ ಓದಂಗಿಲ್ಲ."

ಮುದುಕ ಕೋಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕೈ ಮುಗಿದ. ಅಲ್ಲಿಂದ ಮುಂದೆ ತೋರಿಸುವವರು ಬದಲಾದರು. ಅವನು ಬರಹ ಇರುವ ಜಾಗಕ್ಕೆ ಕರೆದುಕೊಂಡು ಹೋಗುವುದು, ಆಪಾ ಓದುವುದು, ನಾನು ಮರಾಠಿಯಲ್ಲಿ ಹೇಳುವುದು, ಬಾಯಿಯವರು ಬರೆದುಕೊಳ್ಳುವುದು. ಎತ್ತರದ ಒಂದು ಕಲ್ಲಿಗಾಗಿ ಮುದುಕ ಎಲ್ಲಿಂದಲೋ ಒಂದು ನಿಚ್ಚಣಿಕೆ ತಂದ. ಆಪಾ ಹತ್ತಿದರು. ಐವತ್ತು ದಾಟಿದ ಆ ಹೆಂಗಸು ಒಂದು ಕೈಯಲ್ಲಿ ಮೆಟ್ಟಿಲು ಹಿಡಿದು, ಇನ್ನೊಂದು ಕೈಯ ಬೆರಳಿಂದ ಅಕ್ಷರದ ಧೂಳು ತೆಗೆಯುತ್ತ, ತರಗತಿಯಲ್ಲಿ ಓದುವ ದನಿಯಲ್ಲೇ ಗಟ್ಟಿಯಾಗಿ ಓದಿದ್ದು ನನ್ನ ಕಿವಿಯಲ್ಲಿ ಈಗಲೂ ಇದೆ. ಕೆಳಗೆ ನಿಚ್ಚಣಿಕೆ ಹಿಡಿದು ನಿಂತಿದ್ದ ಬಾಯಿಯವರು ನನ್ನತ್ತ ತಿರುಗಿ, "ಯುದ್ಧದಲ್ಲಿ ಯಾರು ಗೆದ್ದರು ಎನ್ನುವುದನ್ನಷ್ಟೇ ನನಗೆ ಕಲಿಸಿದ್ದರು. ಈ ಮನೆಗಳನ್ನು ಕಟ್ಟಿದವರಿಗೆ ಗಾಳಿಯ ಮೇಲೆ ಇಷ್ಟು ಪ್ರೀತಿ ಇತ್ತು ಎಂದು ಯಾರೂ ಹೇಳಲಿಲ್ಲ," ಎಂದರು.

ಮಧ್ಯಾಹ್ನದ ಬಸ್ಸಿಗೆ ವಲಾಂಡಿಗೆ ಬಂದೆವು. ಮಾವ ಬಸ್ಸು ನಿಲ್ಲುವಲ್ಲೇ ಕಾಯುತ್ತಿದ್ದ. ಎತ್ತರದ ಆಳು, ಹಣೆಗೆ ವಿಭೂತಿ, ಕೊರಳಲ್ಲಿ ಲಿಂಗದ ಕರಡಿಗೆ. ಆಪಾ ಜೊತೆಗಿರುವುದನ್ನು ನಾನು ಪತ್ರದಲ್ಲಿ ಬರೆದಿರಲಿಲ್ಲ. ದಾರಿಯುದ್ದಕ್ಕೂ ಅದೇ ನನ್ನ ಎದೆಯಲ್ಲಿ ಕೂತಿತ್ತು. ಮಾವನ ಹೆಂಡತಿ ಅತ್ತಿ ಹೊಸ್ತಿಲಲ್ಲಿ ನಿಂತು ಬುರ್ಖಾ ನೋಡಿದಳು, ನನ್ನನ್ನು ನೋಡಿದಳು, ಒಳಗೆ ಹೋದಳು. ಊಟದ ಹೊತ್ತಿಗೆ ಆಪಾಗೆ ಹೊರಗಿನ ಕಟ್ಟೆಯ ಮೇಲೆ ತಟ್ಟೆ ಇಟ್ಟಿದ್ದಳು. ನಾನು ತಲೆ ತಗ್ಗಿಸಿದೆ. ಮೋಠೀ ಬಾಯಿ ತಮ್ಮ ತಟ್ಟೆಯನ್ನು ಎತ್ತಿಕೊಂಡು ಹೋಗಿ ಆಪಾನ ಪಕ್ಕ ಕಟ್ಟೆಯ ಮೇಲೆ ಕುಳಿತರು. ನಾನೂ ಹೋದೆ. ಸ್ವಲ್ಪ ಹೊತ್ತಿಗೆ ಅತ್ತಿ ರೊಟ್ಟಿ ಬುಟ್ಟಿ, ಭಜ್ಜಿಯ ಗಡಿಗೆ ಎರಡನ್ನೂ ಹೊರಗೇ ತಂದಿಟ್ಟುಕೊಂಡು ಬಡಿಸಲು ಕುಳಿತಳು. ಹಸಿ ಅವರೆ, ಬಟಾಣಿ, ಕಡಲೆ, ಹತ್ತು ಸೊಪ್ಪು ಹಾಕಿ ಕುದಿಸಿದ ಎಳ್ಳಮಾಸಿಯ ಭಜ್ಜಿ ಅದು.

"ಇದರಾಗ ಬಳ್ಳೊಳ್ಳಿ ಜಾಸ್ತಿ ಹಾಕೀರಿ, ಅದಕ್ಕ ರುಚಿ ಬಂದದ," ಎಂದರು ಆಪಾ.

"ಹೌದರಿ. ನಮ್ಮ ಮನಿಯವ್ರು ಬ್ಯಾಡ ಅಂತಾರ, ನಾ ಕೇಳಂಗಿಲ್ಲ," ಎಂದಳು ಅತ್ತಿ. ಅಲ್ಲಿಂದ ಇಬ್ಬರದೂ ಅಡುಗೆಯ ಮಾತು ನಿಲ್ಲಲೇ ಇಲ್ಲ.

ಮರುದಿನ ಬೆಳಕು ಹರಿಯುವಾಗ ಮಾವ ಬಂಡಿ ಕಟ್ಟಿದ. ಎತ್ತುಗಳ ಕೊರಳ ಗೆಜ್ಜೆ ಬಿಚ್ಚಿಟ್ಟ. ಗಾಲಿಯ ಕೀಲಿಗೆ ಎಣ್ಣೆ ಹಾಕಿದ. ಬಾಯಿಯವರ ಬಿಳಿ ಸೀರೆ ನೋಡಿ ನಿಟ್ಟುಸಿರಿಟ್ಟು ಮೂವರಿಗೂ ಮೂರು ಕರಿ ಕಂಬಳಿ ಕೊಟ್ಟ. ನನ್ನ ಕೈಯಲ್ಲಿದ್ದ ಒಂದು ಬೆಳ್ಳಿ ಕಡಗವನ್ನೂ ತೆಗೆಸಿದ.

"ಮಾತಾಡಬಾರದು. ಬೊಟ್ಟ ಮಾಡಿ ತೋರಸಬಾರದು. ನಾ ಬಂಡಿ ನಿಂದರಸಿದ್ರ ನೀವು ಉಸಿರೂ ಸಣ್ಣಗ ಬಿಡ್ರಿ."

ಊರು ದಾಟಿ, ಹೊಲ ದಾಟಿ ಮಾಳಕ್ಕೆ ಬಂದೆವು. ಮಂಜು ನೆಲಕ್ಕೆ ಅಂಟಿಕೊಂಡಿತ್ತು. ಮೂರು ನಾಲ್ಕು ಫರ್ಲಾಂಗ್ ದೂರದಲ್ಲಿ ಹಿಂಡು ಕಂಡಿತು. ಮಾವ ಅದರ ಕಡೆ ಬಂಡಿ ಹೊಡೆಯಲಿಲ್ಲ. ಬೇರೆ ಯಾರದೋ ಹೊಲಕ್ಕೆ ಹೊರಟವನ ಹಾಗೆ ಪಕ್ಕಕ್ಕೆ ಹೋದ. ದೊಡ್ಡದೊಂದು ಸುತ್ತು ಹಾಕಿದ. ಆಮೇಲೆ ಅದರೊಳಗೆ ಇನ್ನೊಂದು, ಅದಕ್ಕಿಂತ ಸಣ್ಣ ಸುತ್ತು. ಹಿಂಡಿನತ್ತ ಒಮ್ಮೆಯೂ ಮುಖ ಮಾಡಲಿಲ್ಲ. ಚಿಗರಿಗಳು ತಲೆ ಎತ್ತಿ ಬಂಡಿ ನೋಡುತ್ತಿದ್ದವು, ಮತ್ತೆ ಮೇಯುತ್ತಿದ್ದವು. ನಾಲ್ಕನೆಯ ಸುತ್ತಿಗೆ ಅವುಗಳ ಹಲ್ಲು ಹುಲ್ಲು ಕತ್ತರಿಸುವ ಸದ್ದು ನನಗೆ ಕೇಳಿಸಿತು.

ಆಗ ಎತ್ತುಗಳು ತಾವಾಗಿಯೇ ನಿಂತವು. ಬಂಡಿಯ ಬದಿ ಹಿಂಡಿಗೆ ಎದುರಾಗುವಂತೆ ಅಡ್ಡ ನಿಂತವು. ಮಾವ ಹಗ್ಗ ಜಗ್ಗಿರಲಿಲ್ಲ. ಎದುರಿಗೆ ಒಂದು ಗಂಡು, ಬೆನ್ನು ಕಾಡಿಗೆಯ ಬಣ್ಣ, ಹೊಟ್ಟೆ ಹಾಲಿನ ಬಣ್ಣ, ಕೊಂಬು ಹುರಿಹೊಡೆದ ಹಗ್ಗದಂತೆ. ಅದು ಮೂಗು ಮೇಲೆತ್ತಿ, ಕೊಂಬನ್ನು ಬೆನ್ನಿಗೆ ಆನಿಸಿ, ಮದುವಣಿಗನ ಹಾಗೆ ಹೆಣ್ಣುಗಳ ನಡುವೆ ನಡೆಯುತ್ತಿತ್ತು. ನಾನು ಜೀವಮಾನದಲ್ಲಿ ಅಷ್ಟು ಚೆಂದದ್ದನ್ನು ಅಷ್ಟು ಹತ್ತಿರದಿಂದ ನೋಡಿರಲಿಲ್ಲ.

ಆದರೆ ಬಂಡಿ ನಡುಗುತ್ತಿತ್ತು. ಬಗ್ಗಿ ನೋಡಿದರೆ ಬಲಗಡೆಯ ಮುದಿ ಎತ್ತು ಕಿವಿ ಹಿಂದಕ್ಕೆ ಮಡಿಚಿ, ಕಣ್ಣು ಅರ್ಧ ಮುಚ್ಚಿ, ಮೈಯೆಲ್ಲ ನಡುಗಿಸುತ್ತ ನಿಂತಿತ್ತು. ಮಾವ ಬಂಡಿಯ ಮುಂಗಡೆಯಿಂದ ಸದ್ದಿಲ್ಲದೆ ಇಳಿದು ಅದರ ಕೊರಳ ಕೆಳಗೆ ಅಂಗೈ ಇಟ್ಟ. "ಇಲ್ಲೋ ಅಪ್ಪಾ, ಇಲ್ಲ. ಇವತ್ತ ಯಾರೂ ಹೊಡಿಯಂಗಿಲ್ಲ," ಎಂದು ಅದರ ಕಿವಿಯಲ್ಲಿ ಹೇಳಿದ. ಎತ್ತಿನ ನಡುಕ ಇಳಿಯಲು ಬಹಳ ಹೊತ್ತು ಹಿಡಿಯಿತು. ಅಷ್ಟು ಹೊತ್ತೂ ಹಿಂಡು ನಮ್ಮೆದುರಿಗೇ ಇತ್ತು. ಬಾಯಿಯವರ ತೊಡೆಯ ಮೇಲೆ ಪುಸ್ತಕ ತೆರೆದೇ ಇತ್ತು, ಅವರು ಒಂದು ಅಕ್ಷರವನ್ನೂ ಬರೆಯಲಿಲ್ಲ.

ಬಿಸಿಲೇರಿ ಹಿಂಡು ದೂರ ಸರಿದ ಮೇಲೆ ಆಪಾ ಕೇಳಿದರು. "ಎತ್ತು ಯಾಕ ಅಂಜಿತ್ತು ಅಣ್ಣಾ?"

ಮಾವ ಹಗ್ಗವನ್ನು ಕೈಗೆ ಸುತ್ತಿಕೊಳ್ಳುತ್ತ ಹೇಳಿದ. ನನಗೂ ಆ ತನಕ ಗೊತ್ತಿರದ ಸಂಗತಿ ಅಂದು ಗೊತ್ತಾಯಿತು. ನಿಜಾಮನ ಕಾಲದಲ್ಲಿ ಶಿಕಾರಿಗೆ ಬರುತ್ತಿದ್ದ ದೊಡ್ಡ ಅಧಿಕಾರಿಗಳಿಗೆ ಮಾವನ ಬಂಡಿಯೇ ಬೇಕಾಗಿತ್ತು. ಚಿಗರಿ ಮನುಷ್ಯನಿಗೆ ಹೆದರುತ್ತದೆ, ಬಂಡಿಗೆ ಹೆದರುವುದಿಲ್ಲ. ಈ ಸುತ್ತು ಹಾಕುವ ವಿದ್ಯೆ ಈ ಸೀಮೆಯಲ್ಲಿ ಅವನಷ್ಟು ಚೆನ್ನಾಗಿ ಯಾರಿಗೂ ಬರುತ್ತಿರಲಿಲ್ಲ. ಗುಂಡು ಹಾರಿಸಲು ಅನುಕೂಲವಾಗುವಂತೆ ಅಡ್ಡ ನಿಲ್ಲುವುದು ಎತ್ತುಗಳಿಗೂ ರೂಢಿಯಾಗಿತ್ತು.

"ಬ್ಯಾಡ ಅನ್ನಾಕ ಬರ್ತಿರಲಿಲ್ಲರಿ," ಎಂದ. "ನಾ ಬಂದೂಕ ಮುಟ್ಟಿಲ್ಲ. ಮಾಂಸ ಮನಿಗಿ ತಂದಿಲ್ಲ. ಬಾರ ಹಾರಸೂ ಹೊತ್ತಿಗಿ ಮಾರಿ ಆ ಕಡಿ ಮಾಡಿ ಲಿಂಗ ಹಿಡಕೊಂಡು ಕೂಡ್ತಿದ್ದೆ. ಎತ್ತಿಗಿ ಹಂಗ ಮಾಡಾಕ ಬರಂಗಿಲ್ಲಲ್ಲ, ಅದು ಎಲ್ಲಾ ನೋಡ್ತಿತ್ತು."

"ಈಗ ಬಂದೂಕಿನವ್ರು ಬರಂಗಿಲ್ಲ?"

"ಬಂದೂಕೆಲ್ಲಾ ಸರಕಾರ ಕಸಗೊಂಡದ. ಮೂರು ವರ್ಷಾತು. ಈ ವಿದ್ಯಾ ಸುಮ್ಕ ಬಿದ್ದಿತ್ತು. ಬರೇ ನೋಡಾಕ ಬರ್ತೀವಿ ಅಂತ ಈ ಮಗಳು ಬರದಾಗ ನನಗ ಖರೆ ಅನಸಲಿಲ್ಲ. ಬರೇ ನೋಡಾಕ ಯಾರ್ ಬರ್ತಾರ ಅಂದೆ."

ಆಪಾ ಬಂಡಿಯಿಂದ ಇಳಿದು ಹೋಗಿ ಆ ಮುದಿ ಎತ್ತಿನ ಹಣೆ ಸವರಿದರು. ಮರಳುವ ದಾರಿಯಲ್ಲಿ ಮಾವ ನಮ್ಮನ್ನು ನಡೆಸಿಕೊಂಡೇ ಬಂದ. ಚಿಗರಿ ದಿನವೂ ಬಂದು ಹಿಕ್ಕೆ ಹಾಕುವ ಜಾಗ, ತೋಳ ನೀರು ಕುಡಿಯುವ ಗುಂಡಿ, ಹುಲ್ಲಿನಲ್ಲಿ ಮರಿ ಮಲಗಿ ಎದ್ದ ಗುರುತು. ಅವನಿಗೆ ಓದು ಬರಹ ಇರಲಿಲ್ಲ. ಆದರೂ ಬಾಯಿಯವರು ಅವನನ್ನು ಕೇಳಿ ಕೇಳಿ ಮೂರು ಪುಟ ತುಂಬಿಸಿದರು. ನಿಲಂಗಾಕ್ಕೆ ಮರಳಿದ ಮೇಲೆ ಅವರು ಆ ಚಿತ್ರಪಟದ ಪಕ್ಕ ತಾವೇ ಒಂದು ಕಾಳವೀಟ ಬರೆದು ಅಂಟಿಸಿದರು. ಕಾಲು ಸ್ವಲ್ಪ ದಪ್ಪವಾಗಿತ್ತು, ಕೊಂಬು ಸರಿಯಾಗಿತ್ತು.

ಮುಂದಿನ ಚಳಿಗಾಲದಿಂದ ದೊಡ್ಡ ತರಗತಿಯ ಹುಡುಗಿಯರನ್ನೂ ಕರೆದುಕೊಂಡು ಹೋದೆವು. ಕೋಟೆಯಲ್ಲಿ ಆಪಾ, ಮಾಳದಲ್ಲಿ ಮಾವ. ಕೆಲವು ತಂದೆಯರು ಬೇಡವೆಂದರು, ಬಾಯಿಯವರು ಅವರ ಮನೆಗಳಿಗೇ ಹೋಗಿ ಕೂತು ಒಪ್ಪಿಸಿದರು. ಭಾಷೆಯ ಮೇಲೆ ಪ್ರಾಂತಗಳು ಒಡೆದು ಹೊಸದಾಗಿ ಕೂಡಿದ ವರ್ಷ ನಿಲಂಗಾ, ಉದಗೀರ ತಾಲೂಕುಗಳು ಬೀದರ ಜಿಲ್ಲೆ ಬಿಟ್ಟು ಮುಂಬಯಿ ಪ್ರಾಂತಕ್ಕೆ ಸೇರಿದವು. ಆಪಾ ನೌಕರಿ ಮುಗಿಸಿ ಬೀದರಿನ ತಂಗಿಯ ಮನೆಗೆ ಹೋದರು. ಹೋಗುವ ಮುಂಚೆ ಕೋಟೆಯ ಬರಹಗಳನ್ನೆಲ್ಲ ನನ್ನಿಂದ ಓದಿಸಿ, ತಪ್ಪಿದಲ್ಲಿ ತಿದ್ದಿ, ನನ್ನ ಕೈಗೆ ಒಪ್ಪಿಸಿದರು. ನನ್ನ ಉರ್ದು ಆ ಕೆಲಸಕ್ಕೆ ಬಂತು.

ನನಗೆ ಉಮರ್ಗಾಕ್ಕೆ ವರ್ಗವಾಗುವ ಮುಂಚಿನ ಚಳಿಗಾಲ ಕಡೆಯ ಸಹಲ್. ಮಾವನಿಗೆ ಬೆನ್ನುನೋವು. ಹಗ್ಗವನ್ನು ನನ್ನ ಕೈಗಿಟ್ಟು, "ನೀ ಹೊಡಿ, ನಾ ಕೂಡ್ತೀನಿ," ಎಂದ. ಹಿಂದೆ ಐದು ಹುಡುಗಿಯರು ಕಂಬಳಿ ಹೊದ್ದು ಕುಳಿತಿದ್ದರು. ಎರಡು ಸುತ್ತು ಚೆನ್ನಾಗಿಯೇ ಹಾಕಿದೆ. ಮೂರನೆಯದರಲ್ಲಿ ಅವಸರ ಮಾಡಿ ಹಿಂಡಿನ ಕಡೆ ತಿರುಗಿಸಿಬಿಟ್ಟೆ. ಒಂದು ಹೆಣ್ಣು ಚಿಗರಿ ನೆಟ್ಟಗೆ ಮೇಲಕ್ಕೆ ಜಿಗಿಯಿತು, ಅದರ ಹಿಂದೆ ಇನ್ನೊಂದು, ಮತ್ತೊಂದು, ಇಡೀ ಹಿಂಡು ಅಲೆಯ ಹಾಗೆ ಏಳುತ್ತ ಬೀಳುತ್ತ ಹುಲ್ಲಿನ ಮೇಲೆ ಹಾರಿ ಹೋಯಿತು. ನಾನು ತಪ್ಪು ಮಾಡಿದೆನೆಂದು ಹಿಂದೆ ತಿರುಗಿದೆ. ಹುಡುಗಿಯರು ಬಂಡಿಯಲ್ಲಿ ಎದ್ದು ನಿಂತಿದ್ದರು, ಕಂಬಳಿ ಜಾರಿದ್ದು ಅವರಿಗೆ ಗೊತ್ತೇ ಇರಲಿಲ್ಲ.

"ಇರ್ಲಿ ಬಿಡು," ಎಂದ ಮಾವ. "ನಾ ಹೊಡದಿದ್ರ ಹಿಂಗ ಓಡೂದು ಅವ್ರಿಗಿ ಎಲ್ಲಿ ಕಾಣ್ತಿತ್ತು?"