ಕಾಶಿಯಲ್ಲಿ ಬಿಟ್ಟ ಹಾಗಲಕಾಯಿ

ಸಾಲಿಗ್ರಾಮದ ಹಿರಿಯಣ್ಣ ಮಾಷ್ಟ್ರು ನಿವೃತ್ತರಾದ ಮೇಲೂ ಚಾವಡಿಯಲ್ಲಿ ಇಂಗ್ಲಿಷ್ ಪಾಠ ನಿಲ್ಲಿಸಿಲ್ಲ. ಅದರಲ್ಲೂ ‘ಗಿವ್ ಅಪ್’ ಬಂತೆಂದರೆ ಅವರಿಗೆ ಹಬ್ಬದೂಟ. ಕುಂದಾಪುರದ ಬಸ್ಸಿನಲ್ಲಿ ಬಸುರಿಗೆ ಸೀಟು ಬಿಟ್ಟುಕೊಟ್ಟರೂ ಗಿವ್ ಅಪ್, ಕಳ್ಳ ತಾನಾಗಿ ಪೊಲೀಸರಿಗೆ ಶರಣಾದರೂ ಗಿವ್ ಅಪ್, ಒಗಟು ಬಿಡಿಸಲಾರದೆ ಕೈಚೆಲ್ಲಿದರೂ ಗಿವ್ ಅಪ್. ಚಟ ಬಿಡುವುದಕ್ಕೆ ಉದಾಹರಣೆಯಾಗಿ ‘ಐ ಗೇವ್ ಅಪ್ ಸ್ನಫ್’ ಎಂದು ಬೋರ್ಡಿನ ಮೇಲೆ ಬರೆದು, ತಮ್ಮ ನಶ್ಯದ ಡಬ್ಬಿಯನ್ನೇ ಎತ್ತಿ ತೋರಿಸಿ, ಹಾಗೇ ಒಂದು ಚಿಟಿಕೆ ಏರಿಸಿ, “ಇದನ್ನ್ ನಾನ್ ಇಪ್ಪತ್ ಸಲ ಬಿಟ್ಟಿದ್ದೆ ಕಾಣಿ” ಎನ್ನುತ್ತಾರೆ. ಕಾಶಿಗೆ ಹೋದವರು ತಮಗೆ ಇಷ್ಟವಾದ ಒಂದು ತಿನಿಸನ್ನು ಅಲ್ಲೇ ಬಿಟ್ಟು ಬರುವುದು ರೂಢಿಯಷ್ಟೇ. ಮಾಷ್ಟ್ರು ಬಿಟ್ಟದ್ದು ಹುಟ್ಟಿದಂದಿನಿಂದ ಬಾಯಿಗಿಡದ ಹಾಗಲಕಾಯಿ, ಹೆಂಡತಿ ಗೋಮತಿಯಮ್ಮ ಬಿಟ್ಟದ್ದು ಪ್ರಾಣದಂಥ ಹಲಸಿನ ಹಣ್ಣು. ಅಂದಿನಿಂದ ಹಿತ್ತಿಲಲ್ಲಿ ಹಲಸು ಹಣ್ಣಾದರೆ ಇಡೀ ಹಣ್ಣು ಪಾಠಕ್ಕೆ ಬರುವ ಶ್ರೀವಾಣಿಯ ಮನೆಗೆ. “ನೀವ್ ಬಿಟ್ಟದ್ ಹಾಗ್ಲಕಾಯಿ ಅಲ್ದಾ ಮಾಷ್ಟ್ರೆ? ಹಲ್ಸಿನ್ ಹಣ್ಣ್ ತಿಂಬುಕ್ ಎಂತ ಅಡ್ಡಿ?” ಎಂದು ಈ ಬೇಸಿಗೆಯಲ್ಲಿ ಅವಳು ಕೇಳಿಯೇಬಿಟ್ಟಳು. ಮಾಷ್ಟ್ರು ಒಳಗೆ ಅಕ್ಕಿ ಆರಿಸುತ್ತಿದ್ದ ಗೋಮತಿಯಮ್ಮನತ್ತ ನೋಡಿ ದನಿ ತಗ್ಗಿಸಿದರು: “ಅವ್ಳ್ ಎದ್ರಿಗ್ ಕೂಕಂಡ್ ಹ್ಯಾಂಗ್ ತಿಂಬುದ್ ಮಾರಾಯ್ತಿ?” ಆಮೇಲೆ ಗಟ್ಟಿಯಾಗಿ ಕೆಮ್ಮಿ, ಬೋರ್ಡಿನ ಮೇಲೆ ಮತ್ತೆ ನಶ್ಯದ ವಾಕ್ಯವನ್ನೇ ಬರೆದರು.